ಹೊಸ ಗಣಕದಲ್ಲಿ ಹಳೆಯ ನಕ್ಷೆ: ಆರ್ಮ್ ಯಂತ್ರದ ಮೇಲೆ ವಿಂಡೋಸ್ ತಂತ್ರಾಂಶವನ್ನು ನಡೆಸುವ ಕ್ರಮ

ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗಗಳಿರುವುದು ಆ ಕಡೆಯ ಅಧ್ಯಾಪಕರಿಗೆ ಹೇಳಬೇಕಾದ ವಿಷಯವಲ್ಲ. ಸೊಲ್ಲಾಪುರ, ಆದವಾನಿ, ಹೊಸೂರು ಕಡೆಯ ಓದುಗರಿಗಾಗಿ ಎರಡು ಮಾತು: ಬಾವಿಯನ್ನು ಕೆಳಮುಖವಾಗಿ ತೋಡುವ ಬದಲು ಗುಡ್ಡದ ಮಗ್ಗುಲಿನಿಂದ ಒಳಕ್ಕೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಳತೆಯಲ್ಲಿ ಕೊರೆದು, ಒಳಗೆ ಒಸರುವ ನೀರನ್ನು ತಾನಾಗಿ ಹೊರಕ್ಕೆ ಹರಿಯಿಸಿಕೊಳ್ಳುವ ವ್ಯವಸ್ಥೆಯೇ ಸುರಂಗ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳು ಆಸುಪಾಸಿನ 61 ಸುರಂಗಗಳನ್ನು ಮನೆಮನೆಗೆ ಹೋಗಿ ಗುರುತಿಸಿದರು. ಸ್ಥಾನವನ್ನು ಮೊಬೈಲಿನಿಂದ ಪಡೆದರು; ಹೆಸರು, ಕೊರೆದವರು, ನೀರು ಬತ್ತುವ ತಿಂಗಳು ಇವನ್ನು ಹಿರಿಯರಿಂದ ಕೇಳಿ ಕನ್ನಡದಲ್ಲಿ ಬರೆದುಕೊಂಡರು. ಸಮೀಪದ ಕಾಲೇಜಿನ ಸಂಶೋಧಕರೊಬ್ಬರು ಅದೆಲ್ಲವನ್ನೂ ತಮ್ಮ ವಿಂಡೋಸ್ ಗಣಕದ ಆರ್ಕ್‌ಮ್ಯಾಪ್ ತಂತ್ರಾಂಶದಲ್ಲಿ ಜೋಡಿಸಿ ಅಂದವಾದ ನಕ್ಷೆಯನ್ನು ಮಾಡಿಕೊಟ್ಟರು. ಮಕ್ಕಳ ಕೈಬರಹದ ಪುಸ್ತಕಗಳು ಆ ಮೇಲಿನ ಒಂದು ಮಳೆಗಾಲದಲ್ಲಿ ಕಪಾಟಿನೊಳಗೇ ಗೆದ್ದಲಿಗೆ ಆಹಾರವಾದವು. ಹೆಸರು ಹೇಳಿದ ಹಿರಿಯರಲ್ಲಿ ಹಲವರು ಈಗ ಇಲ್ಲ.

ಉಳಿದದ್ದು ಆ ನಕ್ಷೆಯ ಕಡತ ಮಾತ್ರ. ಶಾಲೆಯ ಹಳೆಯ ಗಣಕ ಸಿಡಿಲಿಗೆ ಹಾಳಾಗಿ, ಹಳೆ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಆಪಲ್ ಸಂಸ್ಥೆಯ ಪುಟ್ಟ ಮ್ಯಾಕ್ ಗಣಕವೊಂದನ್ನು ಕೊಟ್ಟಾಗ ಎಲ್ಲರಿಗೂ ಸಂತೋಷವಾಯಿತು. ಬಾಹ್ಯ ಡಿಸ್ಕಿನಲ್ಲಿದ್ದ ಕಡತವನ್ನು ತೆರೆಯಹೋದಾಗ ಅದು ತೆರೆಯಲಿಲ್ಲ. ತಂತ್ರಾಂಶವನ್ನು ಸ್ಥಾಪಿಸಹೋದರೆ ಅದೂ ಆಗಲಿಲ್ಲ. ಈ ಪಾಠವು ಆ ತೊಡಕಿನಿಂದ ಹೊರಬಂದ ಬಗೆಯನ್ನು ವಿವರಿಸುತ್ತದೆ. ದಾನವಾಗಿಯೋ ಯೋಜನೆಯ ಮೂಲಕವೋ ಇಂತಹ ಹೊಸ ಗಣಕಗಳು ಗಡಿನಾಡಿನ ಅನೇಕ ಶಾಲೆಗಳಿಗೆ ಬರುತ್ತಿರುವುದರಿಂದ, ಇತರರಿಗೂ ಇದು ಉಪಯೋಗವಾದೀತು.

ತೊಡಕಿನ ಮೂಲ

ಗಣಕದ ಹೃದಯವಾದ ಸಂಸ್ಕಾರಕಕ್ಕೆ ತನ್ನದೇ ಆದ ಆಜ್ಞೆಗಳ ಭಾಷೆಯೊಂದಿದೆ. ಬಹುಕಾಲ ಮೇಜಿನ ಗಣಕಗಳನ್ನು ಆಳಿದ್ದು 1978ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 8086 ಎಂಬ ಸಂಸ್ಕಾರಕದ ಸಂತತಿ. ಅದರ ಭಾಷೆಯನ್ನು ಎಕ್ಸ್86 ಎಂದೂ, 2003ರಲ್ಲಿ ಎಎಂಡಿ ಸಂಸ್ಥೆಯ ಸಂಸ್ಕಾರಕಗಳೊಡನೆ ಬಳಕೆಗೆ ಬಂದ 64 ಬಿಟ್ಟಿನ ವಿಸ್ತರಣೆಯನ್ನು ಎಕ್ಸ್64 ಎಂದೂ ಕರೆಯುವುದು ರೂಢಿ. ಆರ್ಮ್ ಎಂಬುದು ಬೇರೆಯೇ ಮನೆತನ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯಲ್ಲಿ 1985ರಲ್ಲಿ ಅದರ ಮೊದಲ ಚಿಪ್ ಸಿದ್ಧವಾಯಿತು. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಗುಣದಿಂದ ಅದು ಮೊಬೈಲುಗಳನ್ನು ಗೆದ್ದಿತು. 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಎಂ1 ಎಂಬ ಆರ್ಮ್ ಸಂಸ್ಕಾರಕವಿರುವ ಮ್ಯಾಕ್ ಗಣಕಗಳನ್ನು ಹೊರತಂದಿತು. 2024ರಲ್ಲಿ ಕ್ವಾಲ್‌ಕಾಮ್ ಸಂಸ್ಥೆಯ ಸ್ನ್ಯಾಪ್‌ಡ್ರಾಗನ್ ಎಕ್ಸ್ ಸಂಸ್ಕಾರಕವುಳ್ಳ ವಿಂಡೋಸ್ ಲ್ಯಾಪ್‌ಟಾಪುಗಳೂ ಅಂಗಡಿಗೆ ಬಂದವು.

ಆರ್ಕ್‌ಮ್ಯಾಪ್ ಆಗಲಿ, ಅದರ ಸ್ಥಾನಕ್ಕೆ ಬಂದಿರುವ ಆರ್ಕ್‌ಜಿಐಎಸ್ ಪ್ರೋ ಆಗಲಿ ವಿಂಡೋಸಿಗಾಗಿಯೇ, ಅದರಲ್ಲಿಯೂ ಎಕ್ಸ್86 ಮನೆತನದ ಸಂಸ್ಕಾರಕಗಳಿಗಾಗಿಯೇ ಸಿದ್ಧಪಡಿಸಿದ ತಂತ್ರಾಂಶಗಳು. ಆದುದರಿಂದ ಎಂ1 ಮ್ಯಾಕ್ ಗಣಕದಲ್ಲಿ ಅವುಗಳಿಗೆ ಎರಡು ಗೋಡೆಗಳು ಅಡ್ಡ ಬರುತ್ತವೆ. ಕಾರ್ಯಾಚರಣ ವ್ಯವಸ್ಥೆ ಬೇರೆ ಎಂಬುದು ಮೊದಲನೆಯದು. ಸಂಸ್ಕಾರಕದ ಭಾಷೆ ಬೇರೆ ಎಂಬುದು ಎರಡನೆಯದು. ಇಂಟೆಲ್ ಕಾಲದ ಮ್ಯಾಕ್ ಗಣಕಗಳಲ್ಲಿ ಎರಡನೆಯ ಗೋಡೆ ಇರಲಿಲ್ಲ. ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ವಿಂಡೋಸನ್ನು ನೇರವಾಗಿಯೇ ಅಲ್ಲಿ ಸ್ಥಾಪಿಸಬಹುದಾಗಿತ್ತು. ಹೊಸ ಮ್ಯಾಕ್ ಗಣಕಗಳಲ್ಲಿ ಆ ಸೌಲಭ್ಯವಿಲ್ಲ. ಇಂಟೆಲ್ ಕಾಲದ ಸಲಹೆಗಳನ್ನು ನಂಬಿ ಅದನ್ನು ಹುಡುಕುತ್ತಾ ಸಮಯ ಕಳೆಯಬೇಕಾಗಿಲ್ಲ.

ಒಂದೇ ಕಟ್ಟಡ, ಎರಡು ಮಾಧ್ಯಮ

ಮೊದಲ ಗೋಡೆಯನ್ನು ದಾಟಿಸುವುದು ವರ್ಚುವಲೀಕರಣ, ಎರಡನೆಯದನ್ನು ದಾಟಿಸುವುದು ಭಾಷಾಂತರ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ.

ನಮ್ಮ ಶಾಲೆಗಳ ಸ್ಥಿತಿಯಿಂದಲೇ ಇದನ್ನು ಗ್ರಹಿಸಬಹುದು. ಒಂದೇ ಕಟ್ಟಡದಲ್ಲಿ ಕನ್ನಡ ಮತ್ತು ಮಲೆಯಾಳ ವಿಭಾಗಗಳಿರುವ ಶಾಲೆಯನ್ನು ನೆನೆಯಿರಿ. ಕಟ್ಟಡ, ಬೆಂಚು, ವಿದ್ಯುತ್ತು ಎಲ್ಲವೂ ಸಾಮಾನ್ಯ. ಒಂದು ಕೋಣೆಯನ್ನು ಪ್ರತ್ಯೇಕಿಸಿ ಇನ್ನೊಂದು ವಿಭಾಗಕ್ಕೆ ಬಿಟ್ಟುಕೊಡಲಾಗಿದೆ. ಇದು ವರ್ಚುವಲೀಕರಣ. ಮ್ಯಾಕ್ ಗಣಕದ ಸ್ಮೃತಿ, ಡಿಸ್ಕು, ಸಂಸ್ಕಾರಕಗಳಲ್ಲಿ ಒಂದು ಪಾಲನ್ನು ಬೇರ್ಪಡಿಸಿ, ಅದರೊಳಗೆ ವಿಂಡೋಸ್ ತನ್ನದೇ ಯಂತ್ರದಲ್ಲಿರುವೆನೆಂದು ಭಾವಿಸಿಕೊಂಡು ನಡೆಯುವಂತೆ ಮಾಡುವುದು. ಅಲ್ಲಿ ಕೆಲಸ ಮಾಡುವುದು ನಿಜವಾದ ಆರ್ಮ್ ಸಂಸ್ಕಾರಕವೇ ಆದ ಕಾರಣ ವೇಗ ಹೆಚ್ಚು ಕುಂದುವುದಿಲ್ಲ. ಆದರೆ ಅದೇ ಕಾರಣದಿಂದ, ಆ ಕೋಣೆಗೆ ಬರುವ ವಿಂಡೋಸಿಗೂ ಆರ್ಮ್ ಭಾಷೆಯೇ ತಿಳಿದಿರಬೇಕು. ಹಾಗಾಗಿ ಬೇಕಾದದ್ದು ಆರ್ಮ್ ಆವೃತ್ತಿಯ ವಿಂಡೋಸ್ 11. ಸಾಮಾನ್ಯ ಗಣಕಗಳ ವಿಂಡೋಸ್ ಇಲ್ಲಿ ಹೊಂದುವುದಿಲ್ಲ.

ಇನ್ನು ಕನ್ನಡ ಮಾತ್ರ ಬಲ್ಲ ಅತಿಥಿಯೊಬ್ಬರು ಮಲೆಯಾಳ ವಿಭಾಗದಲ್ಲಿ ಪಾಠ ಮಾಡಬೇಕಾಯಿತೆನ್ನಿ. ಕೋಣೆ ಕೊಟ್ಟರೆ ಸಾಲದು, ದುಭಾಷಿಯೂ ಬೇಕು. ಎಕ್ಸ್86 ನಕ್ಷಾ ತಂತ್ರಾಂಶದ ಸ್ಥಿತಿ ಇದೇ. ಆ ದುಭಾಷಿಯ ಕೆಲಸವನ್ನು ಆರ್ಮ್ ಆವೃತ್ತಿಯ ವಿಂಡೋಸ್ ತಾನೇ ಮಾಡುತ್ತದೆ. ವಿಂಡೋಸ್ 10ರಲ್ಲಿ 32 ಬಿಟ್ಟಿನ ತಂತ್ರಾಂಶಗಳಿಗೆ ಮಾತ್ರ ಈ ಅನುಕೂಲವಿತ್ತು. ವಿಂಡೋಸ್ 11ರಲ್ಲಿ 64 ಬಿಟ್ಟಿನವಕ್ಕೂ ದೊರೆಯಿತು. 2024ರ ಆವೃತ್ತಿಯಲ್ಲಿ ಪ್ರಿಸಮ್ ಎಂಬ ಸುಧಾರಿತ ಭಾಷಾಂತರಕ ಬಂದಿತು. ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪು ದೊರೆತ ಶಾಲೆಯವರಿಗೆ ವಿಂಡೋಸ್ ಮೊದಲೇ ಇರುವುದರಿಂದ ಕೋಣೆಯ ಪ್ರಶ್ನೆಯಿಲ್ಲ, ದುಭಾಷಿಯದು ಮಾತ್ರ. ಅಂತಹವರು ಮುಂದಿನ ಸ್ಥಾಪನೆಯ ಭಾಗವನ್ನು ಬಿಟ್ಟು ಓದಬಹುದು.

ಎಲ್ಲವನ್ನೂ, ಅಂದರೆ ಕೋಣೆಯ ಗೋಡೆ ಬಾಗಿಲುಗಳನ್ನು ಸಹ, ಭಾಷಾಂತರದಿಂದಲೇ ಸೃಷ್ಟಿಸುವ ಮೂರನೆಯ ದಾರಿಯೊಂದಿದೆ. ಇದು ಪೂರ್ಣ ಅನುಕರಣೆ, ಎಮ್ಯುಲೇಶನ್. ಇದರಲ್ಲಿ ಸಾಮಾನ್ಯ ವಿಂಡೋಸನ್ನೂ ನಡೆಸಬಹುದು, ಆದರೆ ಆಮೆಯ ನಡಿಗೆ. ನಾನು ಮೊದಲು ಜಾರಿದ್ದು ಇಲ್ಲಿಯೇ. ಹೊಸ ಯಂತ್ರವನ್ನು ರಚಿಸುವಾಗ ‘ವರ್ಚುವಲೈಸ್’ ಮತ್ತು ‘ಎಮ್ಯುಲೇಟ್’ ಎಂಬ ಎರಡು ಗುಂಡಿಗಳು ಕಾಣಿಸಿದವು. ಕೈಯಲ್ಲಿದ್ದ ಹಳೆಯ ವಿಂಡೋಸ್ ಡಿಸ್ಕನ್ನು ಎರಡನೆಯದು ಸ್ವೀಕರಿಸಿತೆಂಬ ಸಂತೋಷದಲ್ಲಿ ಅದನ್ನೇ ಒತ್ತಿದೆ. ರಾತ್ರಿಯಿಡೀ ಸ್ಥಾಪನೆ ನಡೆಯಿತು. ಬೆಳಿಗ್ಗೆ ಮೌಸನ್ನು ಅಲುಗಿಸಿ ಕಾಫಿ ಕುಡಿದು ಬರುವಷ್ಟರಲ್ಲಿ ಬಾಣದ ಗುರುತು ಇನ್ನೂ ಪ್ರಯಾಣದಲ್ಲಿಯೇ ಇತ್ತು.

ತರಗತಿಯ ಚಟುವಟಿಕೆ

ಈ ವ್ಯತ್ಯಾಸವನ್ನು ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಆಟದ ಮೂಲಕ ತಿಳಿಸಬಹುದು. ಗಡಿನಾಡಿನ ಮಕ್ಕಳಿಗೆ ಎರಡು ಭಾಷೆಗಳು ಸಹಜವಾಗಿ ಬರುವುದರಿಂದ, ಒಳನಾಡಿನ ತರಗತಿಗಿಂತ ನಮ್ಮಲ್ಲಿಯೇ ಈ ಆಟ ಚೆನ್ನಾಗಿ ಕಳೆಗಟ್ಟುತ್ತದೆ.

ಹತ್ತು ಚೀಟಿಗಳಲ್ಲಿ ಹತ್ತು ಆಜ್ಞೆಗಳನ್ನು ಕನ್ನಡದಲ್ಲಿ ಬರೆಯಿರಿ: ಎರಡು ಹೆಜ್ಜೆ ಮುಂದೆ ಬಾ, ಬಲಕ್ಕೆ ತಿರುಗು, ಸೀಮೆಸುಣ್ಣ ಎತ್ತು, ಒಂದು ಗೆರೆ ಎಳೆ ಇತ್ಯಾದಿ. ಒಬ್ಬ ವಿದ್ಯಾರ್ಥಿ ಓದುವವನು, ಅವನು ತಂತ್ರಾಂಶ. ಇನ್ನೊಬ್ಬಳು ಮಾಡುವವಳು, ಅವಳು ಸಂಸ್ಕಾರಕ. ಮೊದಲ ಸಲ ಅವಳು ಕನ್ನಡವನ್ನೇ ಕೇಳಿ ಮಾಡಲಿ, ಹಿಡಿದ ಸಮಯವನ್ನು ಬರೆದುಕೊಳ್ಳಿ. ಎರಡನೆಯ ಸಲ ಅವಳು ರಾಜ್ಯಭಾಷೆಯ ಆಜ್ಞೆಗಳಿಗೆ ಮಾತ್ರ ಸ್ಪಂದಿಸಬೇಕು: ಕಾಸರಗೋಡಿನಲ್ಲಿ ಮಲೆಯಾಳ, ತಾಳವಾಡಿಯಲ್ಲಿ ತಮಿಳು, ಜತ್ತದಲ್ಲಿ ಮರಾಠಿ, ರಾಯದುರ್ಗದಲ್ಲಿ ತೆಲುಗು. ನಡುವೆ ಮೂರನೆಯವನೊಬ್ಬ ದುಭಾಷಿ. ಸಮಯ ಎಷ್ಟು ಹೆಚ್ಚಿತೆಂದು ನೋಡಿ. ಮೂರನೆಯ ಸಲ ಅವೇ ಚೀಟಿಗಳು, ಆದರೆ ದುಭಾಷಿಯು ಹಿಂದಿನ ಸುತ್ತಿನಲ್ಲಿ ಮಾಡಿದ ಭಾಷಾಂತರವನ್ನು ಚೀಟಿಯ ಬೆನ್ನಿಗೆ ಬರೆದಿಟ್ಟುಕೊಂಡಿರಲಿ. ಈಗ ಸಮಯ ಇಳಿಯುತ್ತದೆ. ವಿಂಡೋಸ್ ಕೂಡ ಭಾಷಾಂತರಿಸಿದ ತುಣುಕುಗಳನ್ನು ಡಿಸ್ಕಿನಲ್ಲಿ ಕಾದಿರಿಸಿಕೊಳ್ಳುತ್ತದೆ. ದೊಡ್ಡ ತಂತ್ರಾಂಶವು ಮೊದಲ ಸಲ ನಿಧಾನವಾಗಿ ತೆರೆದು ಎರಡನೆಯ ಸಲ ಚುರುಕಾಗಿ ತೆರೆಯುವುದಕ್ಕೆ ಇದೊಂದು ಕಾರಣ.

ಆಟದ ಕೊನೆಗೆ ಇನ್ನೊಂದು ಚೀಟಿ ಸೇರಿಸಿ: ‘ಪ್ರಯೋಗಶಾಲೆಯ ಬೀಗ ತೆಗೆ’. ಬೀಗದ ಕೈ ಇರುವುದು ದುಭಾಷಿಯನ್ನು ಹತ್ತಿರ ಸೇರಿಸದ ಒಬ್ಬ ಕಾವಲುಗಾರನಲ್ಲಿ. ಅವನ ಭಾಷೆಯಲ್ಲಿಯೇ ಮೂಲ ಆಜ್ಞೆ ಇಲ್ಲದಿದ್ದರೆ ಬಾಗಿಲು ತೆರೆಯದು. ಚಾಲಕ ತಂತ್ರಾಂಶಗಳ, ಎಂದರೆ ಡ್ರೈವರುಗಳ, ವಿಷಯ ಹೀಗಿದೆ. ಆರ್ಮ್ ವಿಂಡೋಸಿನಲ್ಲಿ ಸಾಮಾನ್ಯ ತಂತ್ರಾಂಶಗಳಿಗೆ ಭಾಷಾಂತರ ಉಂಟು, ಚಾಲಕಗಳಿಗೆ ಇಲ್ಲ. ಪರವಾನಗಿಗಾಗಿ ಯುಎಸ್‌ಬಿ ಕೀಲಿಯನ್ನು ಚುಚ್ಚಬೇಕಾದ ಹಳೆಯ ಸರ್ವೆ ತಂತ್ರಾಂಶಗಳೂ, ತಮ್ಮದೇ ಚಾಲಕ ಬೇಕೆನ್ನುವ ಜಿಪಿಎಸ್ ಉಪಕರಣಗಳೂ ಇಲ್ಲಿ ಮುಗ್ಗರಿಸುತ್ತವೆ. ತಯಾರಕರು ಆರ್ಮ್ ಚಾಲಕವನ್ನು ಕೊಟ್ಟಿದ್ದಾರೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು.

ಸ್ಥಾಪನೆ

ಮ್ಯಾಕ್ ಗಣಕದಲ್ಲಿ ಕೋಣೆ ಕಟ್ಟಿಕೊಡುವ ತಂತ್ರಾಂಶಗಳಲ್ಲಿ ಮೂರು ಹೆಚ್ಚು ಬಳಕೆಯವು. ಪ್ಯಾರಲಲ್ಸ್ ಡೆಸ್ಕ್‌ಟಾಪ್ ಹಣ ಕೊಟ್ಟು ಪಡೆಯುವಂಥದ್ದು. ಎಂ1, ಎಂ2 ಮ್ಯಾಕ್ ಗಣಕಗಳಲ್ಲಿ ಅದರ ಮೂಲಕ ಆರ್ಮ್ ವಿಂಡೋಸ್ 11ನ್ನು ನಡೆಸಲು ಮೈಕ್ರೋಸಾಫ್ಟ್ ಸಂಸ್ಥೆ 2023ರ ಫೆಬ್ರವರಿಯಲ್ಲಿ ಅಧಿಕೃತ ಮನ್ನಣೆ ನೀಡಿತು. ವಿಎಂವೇರ್ ಫ್ಯೂಶನ್ 2024ರ ನವೆಂಬರಿನಿಂದ ಎಲ್ಲರಿಗೂ ಉಚಿತ. ಯುಟಿಎಂ ಮುಕ್ತ ತಂತ್ರಾಂಶ, ಹಗುರ; ಆದರೆ ವಿಂಡೋಸಿನ ಮೂರು ಆಯಾಮದ ಚಿತ್ರಣಕ್ಕೆ ಬೇಕಾದ ವೇಗವರ್ಧನೆ ಅದರಲ್ಲಿ ಇಲ್ಲ. ಆರ್ಕ್‌ಜಿಐಎಸ್ ಪ್ರೋ ತೆರೆಯಬೇಕೆಂದಿದ್ದರೆ ಇದು ಮುಖ್ಯ, ಏಕೆಂದರೆ ಅದು ಚಿತ್ರಣಕ್ಕಾಗಿ ಡೈರೆಕ್ಟ್‌ಎಕ್ಸ್ 11ನ್ನು ಅಪೇಕ್ಷಿಸುತ್ತದೆ. ಶಾಲೆಗೆ ನನ್ನ ಸಲಹೆ ಫ್ಯೂಶನ್.

ಆರ್ಮ್ ವಿಂಡೋಸ್ 11ರ ಸ್ಥಾಪನಾ ಕಡತವನ್ನು ಮೈಕ್ರೋಸಾಫ್ಟ್ ತನ್ನ ತಾಣದಲ್ಲಿಯೇ ಒದಗಿಸುತ್ತದೆ. ಕಡತ ಉಚಿತವಾಗಿ ಸಿಕ್ಕಿತೆಂದ ಮಾತ್ರಕ್ಕೆ ಪರವಾನಗಿ ಸಿಕ್ಕಿದಂತಲ್ಲ, ಅದನ್ನು ಕೊಳ್ಳಬೇಕು. ಮಕ್ಕಳ ಎದುರಿನಲ್ಲಿ ಕಳ್ಳ ಕೀಲಿ ಹಾಕಿ ತೋರಿಸುವುದು ಅಧ್ಯಾಪಕರಿಗೆ ಭೂಷಣವಲ್ಲ.

ಸ್ಮೃತಿಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ಸ್ಮೃತಿ, 64 ಜಿ.ಬಿ. ಡಿಸ್ಕು ಬೇಕು. ಆರ್ಕ್‌ಜಿಐಎಸ್ ಪ್ರೋ ಕೇಳುವ ಕನಿಷ್ಠ ಸ್ಮೃತಿ 8 ಜಿ.ಬಿ. ಹೊರಗಿನ ಮ್ಯಾಕ್ ವ್ಯವಸ್ಥೆಗೂ ಉಸಿರಾಡಲು ಜಾಗ ಬೇಕಾದುದರಿಂದ, 8 ಜಿ.ಬಿ.ಯ ಮ್ಯಾಕ್ ಗಣಕದಲ್ಲಿ ಪ್ರೋ ನಡೆಸುವ ಆಸೆಯನ್ನು ಬಿಡುವುದು ಒಳ್ಳೆಯದು. ನಮ್ಮದು 16 ಜಿ.ಬಿ.ಯ ಯಂತ್ರ. ಒಳಗಿನ ವಿಂಡೋಸಿಗೆ 8 ಜಿ.ಬಿ., ಎಂಟರಲ್ಲಿ ನಾಲ್ಕು ಸಂಸ್ಕಾರಕ ಘಟಕಗಳು, 80 ಜಿ.ಬಿ. ಡಿಸ್ಕು ಕೊಟ್ಟೆವು. ಎಲ್ಲವನ್ನೂ ಅತಿಥಿಗೇ ಕೊಟ್ಟರೆ ಮನೆಯವನು ಬಳಲುತ್ತಾನೆ. ಮನೆಯವನು ಬಳಲಿದರೆ ಅತಿಥಿಯೂ ನಿಲ್ಲುತ್ತಾನೆ. ಅರ್ಧದ ಗೆರೆಯನ್ನು ದಾಟದಿರುವುದು ಕ್ಷೇಮ.

ವಿಂಡೋಸ್ ಎದ್ದು ನಿಂತ ಕೂಡಲೇ ಕೋಣೆ ಕಟ್ಟಿಕೊಟ್ಟ ತಂತ್ರಾಂಶದ ‘ಟೂಲ್ಸ್’ ಎಂಬ ಪೂರಕವನ್ನು ಸ್ಥಾಪಿಸಬೇಕು. ಪರದೆಯ ಅಳತೆ, ಚಿತ್ರಣದ ವೇಗ ಸರಿಹೋಗುವುದು ಅದರಿಂದ. ಆ ಬಳಿಕ, ನಕ್ಷಾ ತಂತ್ರಾಂಶವನ್ನು ಮುಟ್ಟುವ ಮುನ್ನ, ಯಂತ್ರದ ಒಂದು ಸ್ನ್ಯಾಪ್‌ಶಾಟ್ ತೆಗೆದಿರಿಸಿಕೊಳ್ಳಿ. ಏನು ಕೆಟ್ಟರೂ ಆ ಕ್ಷಣಕ್ಕೆ ಹಿಂದಿರುಗಬಹುದು. ವರ್ಚುವಲ್ ಯಂತ್ರದ ಈ ಒಂದು ಗುಣ ನಿಜವಾದ ಯಂತ್ರಕ್ಕಿಲ್ಲ. ತಂತ್ರಾಂಶ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರಿನ ವಿವರಗಳ ಪುಟದಲ್ಲಿ ‘ಆರ್ಕಿಟೆಕ್ಚರ್’ ಎಂಬ ಅಂಕಣವನ್ನು ತೆರೆದರೆ ಯಾವುದು ಆರ್ಮ್, ಯಾವುದು ಎಕ್ಸ್86, ಯಾವುದು ಎಕ್ಸ್64 ಎಂದು ಸಾಲುಸಾಲಾಗಿ ಕಾಣುತ್ತದೆ. ಮಕ್ಕಳಿಗೆ ತೋರಿಸಲು ತಕ್ಕ ದೃಶ್ಯ.

ಒಂದು ವಿಷಯವನ್ನು ಮರೆಮಾಚಬಾರದು. ಆರ್ಕ್‌ಜಿಐಎಸ್ ತಯಾರಕರು ಆರ್ಮ್ ಸಂಸ್ಕಾರಕಗಳಿಗೆ ಬೆಂಬಲದ ಭರವಸೆ ಕೊಟ್ಟುದರ ಮೇಲೆ ಈ ಕ್ರಮ ನಿಂತಿಲ್ಲ. ನಡೆದರೆ ನಡೆಯಿತು, ನಿಂತರೆ ಕೇಳುವವರಿಲ್ಲ. ಪರೀಕ್ಷೆಯ ಹಿಂದಿನ ದಿನದ ಕೆಲಸವನ್ನು ಇದರ ಮೇಲೆ ಹೊರಿಸಬೇಡಿ. ಆರ್ಕ್‌ಮ್ಯಾಪಿಗಾದರೋ 2021ರ ಡಿಸೆಂಬರಿನಲ್ಲಿ ಬಂದ 10.8.2 ಕೊನೆಯ ಆವೃತ್ತಿ. ಅದರ ನಿವೃತ್ತಿಗೆ ತಯಾರಕರು ಗೊತ್ತುಪಡಿಸಿದ ದಿನ 2026ರ ಮಾರ್ಚ್ 1.

ಹೆಸರುಗಳನ್ನು ಹೊರತೆಗೆದದ್ದು

ಹಾಗಾದರೆ ಇಷ್ಟೆಲ್ಲ ಪಾಡು ಏಕೆ? ಉಚಿತವಾದ ಕ್ಯೂಜಿಐಎಸ್ ತಂತ್ರಾಂಶ ಮ್ಯಾಕ್ ಗಣಕದಲ್ಲಿಯೂ ಲಿನಕ್ಸಿನಲ್ಲಿಯೂ ನಡೆಯುತ್ತದೆ. ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್ ಬಳಸುವ ಕೇರಳದ ಅಧ್ಯಾಪಕರಿಗೆ ಅದು ಹೊಸದೇನಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಆರ್ಮ್ ಗಣಕದಲ್ಲಿಯೂ ಅದನ್ನು ಸ್ಥಾಪಿಸಬಹುದು. ಹೊಸದಾಗಿ ನಕ್ಷೆ ಬರೆಯತೊಡಗುವವರು ವರ್ಚುವಲ್ ಯಂತ್ರದ ಗೊಡವೆಗೇ ಹೋಗಬಾರದೆಂಬುದು ನನ್ನ ಅಭಿಪ್ರಾಯ. ಹಳೆಯ ದತ್ತಾಂಶವಿದ್ದರೂ ಅದು ಶೇಪ್‌ಫೈಲ್ ಆಗಿದ್ದರೆ, ಅಥವಾ ಫೈಲ್ ಜಿಯೋಡೇಟಾಬೇಸ್ ಎಂಬ, ಜಿಡಿಬಿ ಎಂದು ಕೊನೆಗೊಳ್ಳುವ ಕೋಶವಾಗಿದ್ದರೆ, ಕ್ಯೂಜಿಐಎಸ್ ನೇರವಾಗಿ ಓದಿಕೊಳ್ಳುತ್ತದೆ. ಕಳೆದುಹೋಗುವುದು ಬಣ್ಣ, ಗುರುತು, ಪುಟವಿನ್ಯಾಸ ಮಾತ್ರ.

ನಮ್ಮ ದುರದೃಷ್ಟಕ್ಕೆ ಸುರಂಗಗಳ ಪಟ್ಟಿ ಇದ್ದುದು ಪರ್ಸನಲ್ ಜಿಯೋಡೇಟಾಬೇಸ್ ಎಂಬ ಹಳೆಯ ರೂಪದಲ್ಲಿ. ಎಂಡಿಬಿ ಎಂದು ಕೊನೆಗೊಳ್ಳುವ ಈ ಕಡತ ಮೈಕ್ರೋಸಾಫ್ಟ್ ಆಕ್ಸೆಸ್ಸಿನ ಮೇಲೆ ನಿಂತದ್ದು. ಆರ್ಕ್‌ಜಿಐಎಸ್ ಪ್ರೋ ಕೂಡ ಅದನ್ನು ಬೆಂಬಲಿಸುವುದಿಲ್ಲ. ಆದ್ದರಿಂದ 32 ಬಿಟ್ಟಿನ ಆರ್ಕ್‌ಮ್ಯಾಪನ್ನೇ, ಆ ಸಂಶೋಧಕರ ಪರವಾನಗಿಯಲ್ಲಿ ಅವರನ್ನೇ ಕೂರಿಸಿಕೊಂಡು, ಕೋಣೆಯೊಳಗಿನ ವಿಂಡೋಸಿನಲ್ಲಿ ತೆರೆದೆವು. ಕಡತವನ್ನು ಮ್ಯಾಕ್ ಗಣಕದ ಹಂಚಿಕೊಂಡ ಕೋಶದಲ್ಲಿಯೇ ಇಟ್ಟು ತೆರೆಯಬಾರದು. ವಿಂಡೋಸಿನ ಒಳಡಿಸ್ಕಿಗೆ ನಕಲಿಸಿಕೊಂಡು ತೆರೆಯಬೇಕು. ಇಂತಹ ಕಡತಗಳಿಗೆ ಬೀಳುವ ಬೀಗಗಳು ಹಂಚಿಕೊಂಡ ಕೋಶದಲ್ಲಿ ಸರಿಯಾಗಿ ನಿಲ್ಲುವುದಿಲ್ಲ.

ನಕ್ಷೆ ತೆರೆಯಿತು. ಹೆಸರುಗಳೂ ಕಂಡವು, ಆದರೆ ಅಕ್ಷರದ ರೂಪ ಬೇರೆ. ಮೂಲದಲ್ಲಿದ್ದ ತುಂಗಾ ಎಂಬ ಲಿಪಿ ಈಗಿನ ವಿಂಡೋಸಿನಲ್ಲಿ ತಾನಾಗಿ ಬರುವುದಿಲ್ಲ. ‘ಕನ್ನಡ ಪೂರಕ ಲಿಪಿಗಳು’ ಎಂಬ ಐಚ್ಛಿಕ ಭಾಗವನ್ನು ಸೇರಿಸಿಕೊಳ್ಳಬೇಕು. ಇದು ಸಣ್ಣ ವಿಷಯ. ದೊಡ್ಡ ಅಚಾತುರ್ಯ ಆದದ್ದು ಆಮೇಲೆ. ಕೋಷ್ಟಕವನ್ನು ಸರಳ ಪಠ್ಯ ಕಡತವಾಗಿ ಹೊರತೆಗೆದು ಮ್ಯಾಕ್ ಗಣಕದಲ್ಲಿ ನೋಡಿದರೆ 61 ಸಾಲುಗಳಲ್ಲಿಯೂ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಒಂದು ನಿಮಿಷ ಕೈಕಾಲು ತಣ್ಣಗಾದದ್ದು ನಿಜ.

ಕಾರಣ ಇದು. ಯುನಿಕೋಡ್‌ಗೆ ಮೊದಲಿನ ಕಾಲದಲ್ಲಿ ವಿಂಡೋಸ್ ಬೇರೆ ಬೇರೆ ಲಿಪಿಗಳಿಗೆ ಸಂಕೇತಪುಟಗಳನ್ನು ಇಟ್ಟುಕೊಂಡಿತ್ತು. ಅವುಗಳಲ್ಲಿ ಕನ್ನಡಕ್ಕೆ ಅಂತಹ ಪುಟವೇ ಇಲ್ಲ. ಕನ್ನಡವು ವಿಂಡೋಸಿಗೆ ಯುನಿಕೋಡ್ ಮೂಲಕವೇ ಬಂದದ್ದು. ಹಳೆಯ ರೀತಿಯಲ್ಲಿ ಪಠ್ಯವನ್ನು ಹೊರತೆಗೆದಾಗ ಜಾಗವಿಲ್ಲದ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಇಲ್ಲಿ ಎರಡು ರೋಗಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು, ಕೊಂಬು ಚುಕ್ಕಿ ಹೊತ್ತ ವಿಚಿತ್ರ ಗುರುತುಗಳು ಕಂಡರೆ ದತ್ತಾಂಶ ಜೀವಂತವಾಗಿದೆ. ಯುಟಿಎಫ್-8 ಎಂದು ಸರಿಯಾದ ಸಂಕೇತವನ್ನು ಹೇಳಿದರೆ, ಅಥವಾ ನುಡಿ, ಬರಹಗಳ ಹಳೆಯ ಲಿಪಿಯಾಗಿದ್ದರೆ ಪರಿವರ್ತಕದಿಂದ, ಸರಿಪಡಿಸಬಹುದು. ಪ್ರಶ್ನಾರ್ಥಕ ಚಿಹ್ನೆಗಳೇ ಉಳಿಸಲ್ಪಟ್ಟಿದ್ದರೆ ಆ ಕಡತದಲ್ಲಿ ಹೆಸರು ಸತ್ತಿತೆಂದೇ ತಿಳಿಯಬೇಕು. ಮೂಲ ಕಡತ ನಮ್ಮಲ್ಲಿತ್ತು, ನಾವು ಬದುಕಿದೆವು.

ಶೇಪ್‌ಫೈಲಿಗೂ ಕನ್ನಡದೊಂದಿಗೆ ಜಗಳವಿದೆ. ಅದರ ಕೋಷ್ಟಕದಲ್ಲಿ ಅಂಕಣದ ಹೆಸರಿಗೆ ಸಿಗುವುದು 10 ಬೈಟು, ಪಠ್ಯಕ್ಕೆ 254 ಬೈಟು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. ಕಾಗುಣಿತದ ಗುರುತು, ಅನುಸ್ವಾರ, ವಿರಾಮಗಳೂ ಒಂದೊಂದು ಸಂಕೇತವೇ. ‘ಮಂಜೇಶ್ವರ’ ಎಂಬುದು ನೋಡಲು ನಾಲ್ಕು ಅಕ್ಷರ, ಎಣಿಸಿದರೆ ಎಂಟು ಸಂಕೇತ, 24 ಬೈಟು. ‘ಸುರಂಗದ ಹೆಸರು’ ಎಂಬ ಅಂಕಣಕ್ಕೆ 34 ಬೈಟು ಬೇಕು. 10ರಲ್ಲಿ ಹಿಡಿಯುವುದು ‘ಸುರ’ ಎಂಬಷ್ಟೇ. ಅಂಕಣದ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಚಿಕ್ಕದಾಗಿಟ್ಟು, ಒಳಗಿನ ವಿವರಗಳನ್ನು ಮಾತ್ರ ಕನ್ನಡದಲ್ಲಿ ಬರೆಯುವುದು ಒಂದು ಉಪಾಯ. ಜಿಯೋಪ್ಯಾಕೇಜ್ ಎಂಬ ಮುಕ್ತ ರೂಪವನ್ನು ಬಳಸುವುದು ಅದಕ್ಕಿಂತ ಉತ್ತಮ ಉಪಾಯ. ಅಲ್ಲಿ ಈ ಕಟ್ಟುಗಳಿಲ್ಲ. ಬೈಟುಗಳ ಈ ಲೆಕ್ಕವನ್ನು ಮಕ್ಕಳು ತಮ್ಮ ತಮ್ಮ ಊರಿನ ಹೆಸರಿಗೆ ಮಾಡಲಿ, ಗುಣಾಕಾರದೊಂದಿಗೆ ಕಾಗುಣಿತವೂ ಗಟ್ಟಿಯಾಗುತ್ತದೆ.

ಕೊನೆಗೆ ನಾವು ಹಿಡಿದ ದಾರಿ ಹೀಗೆ: ಆರ್ಕ್‌ಮ್ಯಾಪಿನೊಳಗೆ ಎಂಡಿಬಿಯಿಂದ ಫೈಲ್ ಜಿಯೋಡೇಟಾಬೇಸಿಗೆ ನಕಲು, ಆ ಕೋಶವನ್ನು ಮ್ಯಾಕ್ ಗಣಕಕ್ಕೆ ತಂದು ಕ್ಯೂಜಿಐಎಸ್‌ನಲ್ಲಿ ತೆರೆಯುವುದು, ಅಲ್ಲಿಂದ ಜಿಯೋಪ್ಯಾಕೇಜಾಗಿ ಉಳಿಸುವುದು. 61 ಹೆಸರುಗಳೂ ಒಂದಕ್ಷರ ಕೆಡದೆ ಬಂದವು. ಉಳಿಸುವಾಗ ಮೀಟರಿನ ಲೆಕ್ಕದ ನಿರ್ದೇಶಾಂಕ ಬೇಕಾದವರು ಯುಟಿಎಂ 43ನೆಯ ಉತ್ತರ ವಲಯವನ್ನು, ಅಂದರೆ 32643 ಎಂಬ ಸಂಕೇತಸಂಖ್ಯೆಯನ್ನು, ಆರಿಸಬೇಕು. ಈ ವಲಯ ಪೂರ್ವ ರೇಖಾಂಶ 72ರಿಂದ 78 ಡಿಗ್ರಿಯವರೆಗೆ ಹಬ್ಬಿದೆ. ಗೋವೆ, ಜತ್ತ, ಸೊಲ್ಲಾಪುರ, ಅಕ್ಕಲಕೋಟೆ, ನಾರಾಯಣಪೇಟೆ, ಆದವಾನಿ, ರಾಯದುರ್ಗ, ಮಡಕಶಿರಾ, ಹೊಸೂರು, ತಾಳವಾಡಿ, ನೀಲಗಿರಿ, ವಯನಾಡು, ಕಾಸರಗೋಡು ಎಲ್ಲವೂ ಈ ಒಂದೇ ವಲಯದೊಳಗೆ ಬರುತ್ತವೆ. ರಾಜ್ಯಗಳು ಬೇರೆಯಾದರೂ ಈ ಕೈಪಿಡಿಯ ಓದುಗರು ತಮ್ಮ ನಕ್ಷೆಗಳನ್ನು ಪರಸ್ಪರ ಕಳುಹಿಸಿಕೊಂಡರೆ ಅವು ಒಂದರ ಪಕ್ಕ ಒಂದು ಸರಿಯಾಗಿ ಕೂರುತ್ತವೆ. ಕೃಷ್ಣಗಿರಿ ಪಟ್ಟಣಕ್ಕೆ ಹೋದರೆ ಮಾತ್ರ ವಲಯ ಬದಲಾಗುತ್ತದೆ.

ಬಣ್ಣ, ಗುರುತುಗಳನ್ನು ಈಗಿನ ಒಂಬತ್ತನೆಯ ತರಗತಿಯವರು ಹೊಸದಾಗಿ ಹಾಕುತ್ತಿದ್ದಾರೆ. ನೀರು ಬತ್ತದ ಸುರಂಗಕ್ಕೆ ನೀಲಿ, ಬೇಸಗೆಯಲ್ಲಿ ಬತ್ತುವುದಕ್ಕೆ ಹಳದಿ. ವರ್ಚುವಲ್ ಯಂತ್ರವನ್ನು ಕೆಲಸ ಮುಗಿದ ಮೇಲೆ ಅಳಿಸಿ 80 ಜಿ.ಬಿ. ಜಾಗವನ್ನು ಬಿಡುಗಡೆ ಮಾಡಿದೆವು. ಎಂಡಿಬಿ ಮೂಲವನ್ನು ಮಾತ್ರ ಅಳಿಸಲಿಲ್ಲ. ಅದು ಬಾಹ್ಯ ಡಿಸ್ಕಿನಲ್ಲಿ ಹಾಗೆಯೇ ಇದೆ. ಹೆಸರುಗಳ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಎರಡು ಪ್ರತಿ ಮಾಡಿದ್ದೇವೆ: ಒಂದು ಶಾಲೆಯ ದಾಖಲೆ ಪುಸ್ತಕಕ್ಕೆ ಅಂಟಿಸಿದೆ, ಇನ್ನೊಂದು ಗೆದ್ದಲು ಹತ್ತದ ಕಬ್ಬಿಣದ ಕಪಾಟಿನಲ್ಲಿದೆ.